ಮಗಳ ಮನೆಯ ನೀರು

ಹಳೆಯ ಮನೆಗಳನ್ನು ನೋಡುವ ಹುಚ್ಚು ನನ್ನದಲ್ಲ, ನನ್ನ ಗಂಡನದು. ಎಂಬತ್ತರ ದಶಕದ ನಡುವಿನಲ್ಲಿ ಬ್ಯಾಂಕಿನವರು ಇವರನ್ನು ಧಾರವಾಡದಿಂದ ಎತ್ತಿ ವಿಜಯವಾಡಕ್ಕೆ ಒಗೆದರು. ಅಲ್ಲಿನ ಬಿಸಿಲಿಗೆ ಹೆದರಿ ಉಳಿದ ಅಧಿಕಾರಿಗಳು ಭಾನುವಾರ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನಿನ ಕೆಳಗೆ ಲುಂಗಿ ಉಟ್ಟುಕೊಂಡು ಬಿದ್ದಿರುತ್ತಿದ್ದರು. ಇವರು ಮಾತ್ರ ಬೆಳಿಗ್ಗೆ ಎದ್ದವರೇ ಸ್ಕೂಟರ್ ಒರೆಸಿ, "ನಡಿ, ಇಲ್ಲೇ ಒಂದು ಹಳ್ಯಾಗ ಹಳೇ ವಾಡೆ ಅದಂತ, ನೋಡಿ ಬರೂಣು" ಎನ್ನುತ್ತಿದ್ದರು. ಬೆಂಜ್ ಸರ್ಕಲ್ಲಿನ ಲಾರಿಗಳ ಹೊಗೆ ಕುಡಿದು, ಕಾಲುವೆಯ ದಂಡೆ ಹಿಡಿದು, ಮೈಯೆಲ್ಲ ಧೂಳಾಗಿ ಹೋಗಿ ಸೇರಿದರೆ ಬಾಗಿಲಿಗೆ ಬೀಗ. ಬೀಗದ ಕೈ ಇದ್ದವನು ಯಾರದೋ ಮದುವೆಗೆ ಹೋಗಿರುತ್ತಿದ್ದ. ಅವನು ಬರುವವರೆಗೆ ನಾವು ಜಗಲಿಯ ಮೇಲೆ ಕೋಳಿಗಳ ಜೊತೆ ಕೂಡಬೇಕು.

ಒಳಗೆ ಹೋದರೆ ಎಲ್ಲ ಕಡೆಯೂ ಅದೇ. ಒಂದು ಪಲ್ಲಕ್ಕಿ, ಒಂದು ತುಕ್ಕು ಹಿಡಿದ ಕತ್ತಿ, ಕಣ್ಣು ಕಿತ್ತುಹೋದ ಒಂದು ಜಿಂಕೆಯ ತಲೆ, ಯಾರೋ ದೊಡ್ಡವರು ಮಲಗುತ್ತಿದ್ದ ಮಂಚ. ಬೆತ್ತ, ಪೇಟ, ಕನ್ನಡಕ, ಎಲ್ಲವೂ ಗಂಡಸರ ಸಾಮಾನು. ಹೆಂಗಸರದು ಅಂತ ಏನಾದರೂ ಇದ್ದರೆ ಹಿತ್ತಲಲ್ಲಿ ಒಂದು ಬೀಸುವ ಕಲ್ಲು. "ಇಷ್ಟು ದೊಡ್ಡ ಮನ್ಯಾಗ ಹೆಂಗಸರು ಎಲ್ಲೆ ಮಲಗತಿದ್ರು?" ಎಂದು ನಾನು ಕೇಳಿದರೆ ತೋರಿಸುವವನು ತಬ್ಬಿಬ್ಬಾಗುತ್ತಿದ್ದ. ಇವರು ನನ್ನ ಸೆರಗು ಜಗ್ಗುತ್ತಿದ್ದರು. ನನ್ನ ಬಾಯಿ ಸ್ವಲ್ಪ ಜೋರು, ಅದು ನನಗೂ ಗೊತ್ತು.

ವಿಜಯವಾಡದಲ್ಲಿ ನನಗೆ ಇದ್ದ ಒಂದೇ ಸುಖವೆಂದರೆ ನನ್ನ ಮೌಶಿ, ಅಂದರೆ ನನ್ನ ತಾಯಿಯ ತಂಗಿ. ಅವಳ ಗಂಡ ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರಿ, ತೆಲುಗಿನವರು. ಮಾಲು ಖರೀದಿಗೆ ಬ್ಯಾಡಗಿಗೆ ಬಂದುಹೋಗುತ್ತಿದ್ದವರು ಜಾತಿ ಒಂದೇ ಎಂದು ತಿಳಿದು ಹೆಣ್ಣು ಕೇಳಿದರು, ನಮ್ಮ ಅಜ್ಜ ಕೊಟ್ಟುಬಿಟ್ಟ. ನಾವು ಹೋಗುವ ಹೊತ್ತಿಗೆ ಅವಳು ಆ ಊರಿಗೆ ಬಂದು ಮೂವತ್ತು ವರ್ಷವಾಗಿತ್ತು. ಮೆಣಸಿನಕಾಯಿಯ ಘಾಟಿನಲ್ಲಿ ನಾನು ಸೀನುತ್ತಾ ಅವಳ ಮೆಟ್ಟಿಲು ಹತ್ತಿದ ದಿನ ಅವಳು, "ಊರಿಗೆ ಬಂದಾಕಿ ನೀರಿಗೆ ಬರದ ಎಲ್ಲೆ ಹೋಗ್ತಾಳ ಅಂತ ಕಾಯಕೋತ ಕೂತಿದ್ದೆ ನೋಡವಾ" ಎಂದಳು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ತೆಲುಗು. ಅವಳು ಕನ್ನಡದಲ್ಲಿ ಕೇಳಿದರೆ ಮಗ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ. ನಾನು ಹೋದರೆ ಅವಳು ಊಟ ಬಿಟ್ಟು ಮಾತಾಡುತ್ತಿದ್ದಳು.

ಅವಳಿಗೆ ಒಬ್ಬ ಮಗಳೂ ಇದ್ದಳು. ನಾವು ಬರುವುದಕ್ಕೆ ಕೆಲವು ವರ್ಷ ಮೊದಲೇ ಅವಳು ಸತ್ತಿದ್ದಳು.

ಆ ಹುಡುಗಿಯನ್ನು ಕೊಟ್ಟದ್ದು ದೂರ, ವಿಶಾಖಪಟ್ಟಣದಿಂದ ಇನ್ನೂ ಉತ್ತರಕ್ಕೆ ಇದ್ದ ಒಂದು ಹಳ್ಳಿಗೆ. ದೊಡ್ಡ ಮನೆತನ, ಊರಿಗೇ ದೊಡ್ಡ ಮನೆ. ಮೌಶಿ ಆ ಮನೆಗೆ ಹೋದದ್ದೇ ಕಡಿಮೆ, ಹೋದರೂ ಜಗಲಿ ದಾಟಿದವಳಲ್ಲ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಮಗಳಿಗೆ ಕೂಸಾಗುವವರೆಗೆ ಅವಳ ಮನೆಯಲ್ಲಿ ಹೆತ್ತವರು ಒಂದು ಹನಿ ನೀರೂ ಮುಟ್ಟಬಾರದು. ಕೊಟ್ಟ ಹೆಣ್ಣಿನ ಮೇಲೆ ನಮಗೇನೂ ಆಸೆಯಿಲ್ಲ ಎಂದು ತೋರಿಸುವ ರೀತಿ ಅದು. ಆಕಡೆಯವರಿಗೂ ಈ ಕಟ್ಟಳೆ ಬಹಳ ಅನುಕೂಲವಾಗಿತ್ತು. ರಾತ್ರಿಯೆಲ್ಲ ರೈಲಿನಲ್ಲಿ ಕೂತು, ಬಸ್ಸು ಬದಲಿಸಿ ಬಂದ ಬೀಗರನ್ನು ಜಗಲಿಯ ಮೇಲೆ ಕೂಡಿಸಿ, ಮಗಳನ್ನು ಹೊರಗೆ ಕರೆದು, ಪಕ್ಕದಲ್ಲಿ ಅತ್ತೆಯೂ ಕೂಡುತ್ತಿದ್ದಳಂತೆ. ತಾಯಿ ಮಗಳು ಕನ್ನಡದಲ್ಲಿ ಎರಡು ಮಾತು ಆಡಿದರೆ, "ತೆಲುಗಿನಲ್ಲಿ ಆಡಿ ಅಮ್ಮಾ, ನಮಗೂ ತಿಳಿಯಲಿ" ಎನ್ನುತ್ತಿದ್ದಳಂತೆ ಆ ಅತ್ತೆ. ಗಂಟಲು ಒಣಗಿಸಿಕೊಂಡು ಮೌಶಿ ಮುಂದಿನ ಬಸ್ಸಿಗೆ ಹೊರಡುತ್ತಿದ್ದಳು. ಬಸ್ ನಿಲ್ದಾಣಕ್ಕೆ ಬಂದು ನೀರು ಕುಡಿಯುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷ ತಂತಿ ಬಂತು. ಸ್ಟವ್ ಸಿಡಿಯಿತು ಎಂದು. ಮೌಶಿ, ಅವಳ ಗಂಡ ಹೋಗಿ ಮುಟ್ಟುವಷ್ಟರಲ್ಲಿ ದಹನ ಮುಗಿದಿತ್ತು. ಆ ಅತ್ತೆ ಜಗಲಿಯ ಮೇಲೆ ಕೂತು, "ನೀವು ಕೊಟ್ಟ ಸ್ಟವ್ವೇ ಅಮ್ಮಾ ಸಿಡಿದದ್ದು" ಎಂದಳಂತೆ. ಆಮೇಲೆ ಅಲ್ಲಿ ಇನ್ನೇನು ನಡೆಯಿತು ಎಂದು ಮೌಶಿ ಯಾರಿಗೂ ಹೇಳಲಿಲ್ಲ. ಪೊಲೀಸರು ಬಂದು, ಅಪಘಾತ ಎಂದು ಬರೆದುಕೊಂಡು ಹೋದರು.

ಮದುವೆಯ ಸಾಮಾನಿನಲ್ಲಿ ಹಿತ್ತಾಳೆಯ ಪಂಪ್ ಸ್ಟವ್ ಕೊಟ್ಟದ್ದು ನಿಜ. ಮೌಶಿಯೇ ಅಂಗಡಿಗೆ ಹೋಗಿ, ಬಡಿದು ನೋಡಿ, ಆರಿಸಿ ತಂದದ್ದು. ಸೌದೆಯ ಹೊಗೆಯಲ್ಲಿ ಮಗಳ ಕಣ್ಣು ಕೆಡಬಾರದು ಎಂದು ಅವಳದೇ ಹಟ. ಹಾಗಾಗಿ ಮಗಳನ್ನು ಕೊಂದವಳು ತಾನು ಎಂದು ಅವಳು ತೀರ್ಮಾನ ಮಾಡಿಕೊಂಡುಬಿಟ್ಟಳು. ಬಾಯಿಬಿಟ್ಟು ಅಳುವವಳಲ್ಲ. ಆದರೆ ಅವತ್ತಿನಿಂದ ಅವಳ ಮನೆಯಲ್ಲಿ ಸ್ಟವ್ ಹಚ್ಚಲಿಲ್ಲ. ಗ್ಯಾಸ್ ಬರುವವರೆಗೆ ಇದ್ದಿಲ ಒಲೆಯಲ್ಲೇ ಅಡುಗೆ. ನಮ್ಮ ಮನೆಗೆ ಬಂದಾಗ ಸಿಲಿಂಡರ್ ಮುಗಿದು ನಾನು ಪಂಪ್ ಸ್ಟವ್ ತೆಗೆದರೆ, ಅದರ ಬುಸ್ಸೆನ್ನುವ ಸದ್ದು ಶುರುವಾಗುವ ಮೊದಲೇ ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯುತ್ತಿದ್ದಳು. ಸ್ಟವ್ ಆರಿಸಿ ನಾನು ಹೋಗಿ ಕರೆದ ಮೇಲೆ ಬರುತ್ತಿದ್ದಳು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಸ್ಟವ್ ಸಿಡಿದ ಎಲ್ಲ ಮನೆಗಳಲ್ಲೂ ಸೊಸೆಯಂದಿರೇ ಯಾಕೆ ಸಾಯುತ್ತಾರೆ, ಅತ್ತೆಯರು ಯಾಕೆ ಸಾಯುವುದಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ. "ಸುಮ್ನಿರವಾ, ನಾ ಕೊಟ್ಟದ್ದು ನನಗ ಗೊತ್ತಿಲ್ಲೇನು" ಎಂದಳು.

ತೊಂಬತ್ತರ ಆಚೀಚೆ ಇವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು, ಬಂದರಿನ ಹತ್ತಿರದ ಶಾಖೆಗೆ. ಅಷ್ಟರಲ್ಲಿ ಮೌಶಿಯ ಗಂಡ ತೀರಿಕೊಂಡಿದ್ದರು. ಒಂದು ಬೇಸಿಗೆಯಲ್ಲಿ ಅವಳು ನಮ್ಮಲ್ಲಿಗೆ ಬಂದಳು. ಬಂದವಳು ಸಮುದ್ರ ನೋಡಲಿಲ್ಲ, ಬೆಟ್ಟ ಹತ್ತಲಿಲ್ಲ. ಮೂರನೆಯ ದಿನ ನನ್ನ ಗಂಡನ ಮುಂದೆ ಕೂತು, "ನೀವು ಹಳೇ ಮನಿ ನೋಡ್ಲಿಕ್ಕೆ ಹೋಗ್ತೀರಲ್ಲ, ನನ್ನನ್ನೂ ಒಂದು ಕಡೆ ಕರಕೊಂಡು ಹೋಗ್ತೀರೇನು?" ಎಂದಳು.

ಇವರಿಗೆ ಖುಷಿಯಾಯಿತು. "ಯಾವ ಕಡೆ ಮೌಶಿ?"

"ನಮ್ಮ ಹುಡುಗೀನ ಕೊಟ್ಟ ಮನಿಗೆ. ಅದೂ ಈಗ ಮ್ಯೂಜಿಯಂ ಆಗೇದಂತ."

ಇವರ ಮುಖ ಬಿದ್ದುಹೋಯಿತು. ಅವಳು ತನಗೆ ತಿಳಿದಷ್ಟು ಹೇಳಿದಳು. ಆ ಅತ್ತೆ ಸತ್ತಿದ್ದಾಳೆ. ಅಳಿಯ ಹೈದರಾಬಾದಿಗೆ ಹೋಗಿ, ಬೇರೆ ಮದುವೆಯಾಗಿ, ಅಲ್ಲೇ ಇದ್ದಾನೆ. ಮನೆಯನ್ನು ಊರಿನವರ ಒಂದು ಸಮಿತಿಗೆ ಬಿಟ್ಟುಕೊಟ್ಟಿದ್ದಾನೆ. ಅವರು ಅದಕ್ಕೆ ಸುಣ್ಣ ಬಳಿದು, ಹಳೆಯ ಸಾಮಾನು ಜೋಡಿಸಿ, ಬಂದವರಿಗೆ ತೋರಿಸುತ್ತಾರೆ.

"ನನಗೇನೂ ಬ್ಯಾಡ" ಎಂದಳು ಮೌಶಿ. "ಆಕಿ ಹೋದ ಅಡಗಿಮನಿ ಹೆಂಗದ ಅಂತ ಒಮ್ಮೆ ನೋಡಬೇಕು. ಗ್ವಾಡಿ ಕರಿ ಆಗೇದೇನು, ಮಾಡು ಸುಟ್ಟೇದೇನು, ನೋಡಬೇಕು. ಆವಾಗ ಒಳಗ ಬಿಡಲಿಲ್ಲ. ಈಗ ತಿಕೀಟು ತಗೊಂಡ್ರ ಯಾರನ್ನ ಬೇಕಾದ್ರೂ ಬಿಡ್ತಾರಂತಲ್ಲ."

ಮೂವರೂ ಬಸ್ಸಿನಲ್ಲಿ ಹೋದೆವು. ಹೆದ್ದಾರಿ ಬಿಟ್ಟ ಮೇಲೆ ಕೆಂಪು ಮಣ್ಣಿನ ದಾರಿ, ಎರಡೂ ಕಡೆ ತಾಳೆಮರ, ಗೇರುತೋಟ. ಮೌಶಿ ಇಳಕಲ್ಲಿನ ಸೀರೆ ಉಟ್ಟು, ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಯಾವ ಮರದ ಹತ್ತಿರ ತಿರುವು, ಎಲ್ಲಿ ಹಳ್ಳ ಎಂದು ಮೊದಲೇ ಹೇಳುತ್ತಾ ಬಂದಳು. ಬಂದದ್ದು ಕಡಿಮೆಯಾದರೂ ಒಂದನ್ನೂ ಮರೆತಿರಲಿಲ್ಲ.

ಮನೆ ನಾನು ನೆನೆಸಿದ್ದಕ್ಕಿಂತ ಚೆನ್ನಾಗಿತ್ತು, ಅದೇ ನನಗೆ ಸಿಟ್ಟು ತರಿಸಿತು. ಸುಣ್ಣ ಬಳಿದ ಗೋಡೆ, ಎಣ್ಣೆ ಹಚ್ಚಿದ ಕಂಬಗಳು, ಅಂಗಳದಲ್ಲಿ ಕನಕಾಂಬರ. ಜಗಲಿಯ ಮೇಲೆ ಒಬ್ಬ ಮುದುಕ ಪತ್ರಿಕೆ ಓದುತ್ತಾ ಕೂತಿದ್ದ. ಪಕ್ಕದ ಹಳ್ಳಿಯವನು, ನಿವೃತ್ತನಾದ ಮೇಲೆ ಸಮಿತಿಯವರು ಇಲ್ಲಿ ಕೂಡಿಸಿದ್ದರಂತೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಆ ಮನೆಗೆ ಈಗ ಅವನೇ ಯಜಮಾನ. ನಮ್ಮನ್ನು ನೋಡಿ ಎದ್ದು, ತಿಕೀಟು ಹರಿದುಕೊಟ್ಟು, ಬಾಗಿಲ ಪಕ್ಕದ ಮಣ್ಣಿನ ಹರವಿಯಿಂದ ಒಂದು ಲೋಟ ನೀರು ತುಂಬಿ ಮೊದಲು ಮೌಶಿಗೆ ಹಿಡಿದ. ಬಿಸಿಲಿಗೆ ಅವಳ ತುಟಿ ಬಿರಿದಿತ್ತು.

"ಒದ್ದಂಡಿ" ಎಂದಳು ಮೌಶಿ, ಬೇಡ ಎಂದು. ಆಮೇಲೆ ನನ್ನ ಕಡೆ ತಿರುಗಿ, "ಮಗಳ ಮನಿ. ಆಕಿಗೆ ಕೂಸಾಗಿಲ್ಲಲ್ಲ" ಎಂದಳು.

ಸತ್ತ ಮಗಳಿಗೆ ಕೂಸಾಗುವುದನ್ನು ಇವಳು ಇನ್ನೂ ಕಾಯುತ್ತಿದ್ದಾಳೆ ಅನ್ನಿಸಿತು. ನನ್ನ ಗಂಡ ಆ ಲೋಟ ತೆಗೆದುಕೊಂಡು ಕುಡಿದರು. ನನಗೂ ಬಾಯಾರಿಕೆ ಇತ್ತು, ಆದರೆ ಕುಡಿಯಲು ಮನಸ್ಸು ಬರಲಿಲ್ಲ.

ನಡುಮನೆಯಲ್ಲಿ ಅದೇ ಪಲ್ಲಕ್ಕಿ, ಅದೇ ಕತ್ತಿ. ಗೋಡೆಯ ಮೇಲೆ ಸಾಲಾಗಿ ಪಟಗಳು. ಕೊನೆಯದು ಆ ಅತ್ತೆಯದು, ಗಂಧದ ಹಾರ ಹಾಕಿತ್ತು. ಮುದುಕ ಕೈ ಮುಗಿದು, "ಅನ್ನಪೂರ್ಣೆ ತಾಯಿ. ಈ ಮನೆಗೆ ಬಂದವರು ಹಸಿದು ಹೋದದ್ದಿಲ್ಲ" ಎಂದು ತೆಲುಗಿನಲ್ಲಿ ವರ್ಣಿಸಿದ. ಹಸಿದು, ಬಾಯಾರಿ ಹೋದವಳು ಅವನ ಎದುರಿಗೇ ನಿಂತಿದ್ದಳು. ನಾನು ಬಾಯಿ ತೆರೆದೆ. ಮೌಶಿ ನನ್ನ ಕೈ ಒತ್ತಿದಳು. ಪಟವನ್ನು ಒಮ್ಮೆ ಸರಿಯಾಗಿ ನೋಡಿ, ಮುಂದೆ ನಡೆದಳು.

ಮಗಳು ಮಲಗುತ್ತಿದ್ದ ಕೋಣೆ ಯಾವುದು ಎಂದು ಅವಳು ಕೇಳಲಿಲ್ಲ. ಕೇಳಿದ್ದು ನಾನು. "ಈ ಮನೆಯ ಸೊಸೆ ಒಬ್ಬಳು ಚಿಕ್ಕವಯಸ್ಸಿನಲ್ಲಿ ಹೋದಳಂತಲ್ಲ?" ಎಂದೆ, ನನ್ನ ಮುರುಕು ತೆಲುಗಿನಲ್ಲಿ.

"ಹೌದಮ್ಮಾ, ಪಾಪ. ಜ್ವರ ಬಂದು ಹೋದಳಂತೆ. ನಾನು ಆಗ ಇಲ್ಲಿರಲಿಲ್ಲ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೀಗರಿಗೆ ಸ್ಟವ್ ಎಂದು ಹೇಳಿದ್ದಾರೆ, ಊರಿಗೆ ಜ್ವರ ಎಂದು ಹೇಳಿದ್ದಾರೆ. ಮೌಶಿಯ ಹೆಜ್ಜೆ ಚುರುಕಾಯಿತು.

ಅಡುಗೆಮನೆ ಹಿಂದುಗಡೆ, ಅಂಗಳ ದಾಟಿ, ಬೇರೆಯಾಗಿ ಇತ್ತು. ಸಾಲಾಗಿ ಮಣ್ಣಿನ ಸೌದೆಯೊಲೆಗಳು. ಅಲ್ಲಿ ಮಾತ್ರ ಸುಣ್ಣ ಬಳಿದಿರಲಿಲ್ಲ. ಗೋಡೆ, ತೊಲೆ, ಮಾಡು ಎಲ್ಲವೂ ಮಸಿ, ತಲೆಮಾರುಗಳಿಂದ ಕೂತ ಹೊಗೆ. ಮೌಶಿ ಕತ್ತೆತ್ತಿ ಮೂಲೆಮೂಲೆ ನೋಡಿದಳು. ಇಷ್ಟು ಕರಿಯಲ್ಲಿ ಒಂದು ದಿನದ ಬೆಂಕಿಯ ಗುರುತು ಎಲ್ಲಿ ಸಿಗಬೇಕು? ಅವಳು ಗೋಡೆಗೆ ಅಂಗೈ ಹಚ್ಚಿ ನಿಂತಳು. ಇಷ್ಟು ದೂರ ಬಂದದ್ದು ವ್ಯರ್ಥವಾಯಿತು ಎಂದುಕೊಂಡೆ.

ಮುದುಕ ತನ್ನ ಪಾಠ ಮುಂದುವರಿಸಿದ. ಇದು ಮಡಿ ಅಡುಗೆಮನೆ. ಪಟದಲ್ಲಿದ್ದ ಅಮ್ಮನವರು ಇರುವವರೆಗೆ ಸೌದೆ ಬಿಟ್ಟು ಬೇರೆ ಏನನ್ನೂ ಇಲ್ಲಿ ಉರಿಸಲಿಲ್ಲ. ಸೀಮೆಎಣ್ಣೆಯ ವಾಸನೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಣ್ಣೆ ಲಾಟೀನುಗಳಿಗೆ ಮಾತ್ರ. ಅದರ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗದ ಕೈ ಅಮ್ಮನವರ ಸೊಂಟದಲ್ಲಿ. "ಈ ಹೊಸ್ತಿಲೊಳಗೆ ಇವತ್ತಿನವರೆಗೆ ಒಂದು ಸ್ಟವ್ ಬಂದಿಲ್ಲ ಅಮ್ಮಾ" ಎಂದ, ತನ್ನದೇ ಸಾಧನೆ ಎಂಬಂತೆ.

ಮೌಶಿ ಗೋಡೆಯಿಂದ ಕೈ ತೆಗೆದಳು. "ಸ್ಟವ್ ಇರಲೇ ಇಲ್ಲವೇ ಈ ಮನೆಯಲ್ಲಿ?" ಎಂದು ತೆಲುಗಿನಲ್ಲಿ ನಿಧಾನವಾಗಿ ಕೇಳಿದಳು.

"ಒಂದು ಇತ್ತು. ಯಾರೋ ನೆಂಟರು ಕೊಟ್ಟದ್ದು. ಅಮ್ಮನವರು ಅದನ್ನು ಅಟ್ಟದಿಂದ ಇಳಿಸಗೊಡಲಿಲ್ಲ. ನಾವೇ ಅಟ್ಟ ತೆಗೆದಾಗ ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದೇವೆ, ನೋಡುವಿರಂತೆ."

ಪಕ್ಕದ ಕೋಣೆಯಲ್ಲಿ ಒಂದು ಗಾಜಿನ ಕಪಾಟು. ಅದರಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳು, ಬೆಳಕಿಗೆ ಹೊಳೆಯುತ್ತಿದ್ದವು. ನಡುವೆ ಒಂದು ಪಂಪ್ ಸ್ಟವ್. ಮುಂದೆ ತೆಲುಗಿನಲ್ಲಿ ಬರೆದ ಒಂದು ರಟ್ಟು. ಮುದುಕ ಅದನ್ನು ಜೋರಾಗಿ ಓದಿದ. ಈ ಪಾತ್ರೆಗಳ ಮೇಲಿರುವುದು ತೆಲುಗು ಮತ್ತು ಕನ್ನಡ ಒಂದೇ ಆಗಿದ್ದ ಕಾಲದ ಪ್ರಾಚೀನ ಲಿಪಿ, ಈ ಮನೆತನದ ಪೂರ್ವಿಕರದು, ವಿದ್ವಾಂಸರು ಓದಬೇಕಾಗಿದೆ ಎಂದು.

ಪ್ರಾಚೀನ ಲಿಪಿಯಂತೆ! ಮದುವೆಯ ಪಾತ್ರೆಗೆಲ್ಲ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಒನ್ ಟೌನಿನ ಪಾತ್ರೆ ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ. ಮೌಶಿ ಸೀಮೆಸುಣ್ಣದಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದಳು, ಅವನು ಅದರ ಮೇಲೆ ಉಳಿ ಬಡಿದಿದ್ದ. ಬಡಿಯುತ್ತಾ ಕೈಯ ಅಭ್ಯಾಸಕ್ಕೆ ಅರ್ಧ ಅಕ್ಷರಗಳಿಗೆ ತೆಲುಗಿನ ತಲೆಕಟ್ಟು ಹಾಕಿಬಿಟ್ಟಿದ್ದ. ಈ ಕಥೆ ಹೇಳಿಕೊಂಡು ಅವಳು ಎಷ್ಟೋ ಸಲ ನಗುತ್ತಿದ್ದದ್ದುಂಟು. ನಾನು ಗಾಜಿಗೆ ಮುಖ ಒತ್ತಿ ಓದಿದೆ. ಸ್ಟವ್ವಿನ ಹೊಟ್ಟೆಯ ಮೇಲೆ ಸುತ್ತಲೂ ಆ ಹುಡುಗಿಯ ಹೆಸರಿತ್ತು. ಅದರ ಕೆಳಗೆ, ತಾಯಿಯ ಉಡುಗೊರೆ.

"ತೆಗೀರಿ" ಎಂದಳು ಮೌಶಿ.

ಮುದುಕ ಮುಟ್ಟುವಂತಿಲ್ಲ ಎಂದ. ಅವಳ ಮುಖ ನೋಡಿ ಏನನ್ನಿಸಿತೋ, ಉಡಿದಾರದಿಂದ ಕೀಲಿ ಬಿಚ್ಚಿ ಕಪಾಟು ತೆರೆದ.

ಎಷ್ಟೋ ವರ್ಷದಿಂದ ಸ್ಟವ್ವಿನ ಸದ್ದಿಗೇ ಬೀದಿಗೆ ಓಡುತ್ತಿದ್ದವಳು ಅದನ್ನು ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿಕೊಂಡಳು. ನೆಲದ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡಳು. ಹೊಟ್ಟೆ ತಿರುಗಿಸಿ ನೋಡಿದಳು, ಒಂದು ಬಿರುಕಿಲ್ಲ, ಒಂದು ತಗ್ಗಿಲ್ಲ. ಬರ್ನರಿನೊಳಗೆ ಬೆರಳು ಹಾಕಿ ತಿಕ್ಕಿ, ಬೆಳಕಿಗೆ ಹಿಡಿದಳು. ಬೆರಳಿಗೆ ಧೂಳು ಹತ್ತಿತ್ತು, ಮಸಿ ಇರಲಿಲ್ಲ.

"ನೋಡು" ಎಂದು ಬೆರಳನ್ನು ನನ್ನ ಮುಂದೆ ಹಿಡಿದಳು. "ಒಮ್ಮೆ ಹಚ್ಚಿದ್ರೂ ಬರ್ನರ್ ಕರ್ರಗಾಗ್ತದ. ಎಷ್ಟು ತಿಕ್ಕಿದ್ರೂ ಒಳಗಿಂದು ಹೋಗಂಗಿಲ್ಲ. ಇದು ಅಂಗಡ್ಯಾಗ ಹೆಂಗಿತ್ತೋ ಹಂಗ ಅದ. ಇದನ್ನ ಯಾರೂ ಹಚ್ಚೇ ಇಲ್ಲ. ಇದು ಸಿಡದಿಲ್ಲ."

ಅವಳ ಮುಖದಲ್ಲಿ ನಾನು ಕಂಡದ್ದನ್ನು ಹೇಳಲು ಈಗಲೂ ನನಗೆ ಕಷ್ಟ. ಅದು ಸಂತೋಷ. ತಾನು ಕೊಟ್ಟದ್ದು ಮಗಳನ್ನು ಕೊಂದಿಲ್ಲ ಎಂಬ ಸಂತೋಷ. ಹಾಗಾದರೆ ಕೊಂದದ್ದು ಏನು, ಯಾರು ಎಂಬುದು ಇನ್ನೂ ಆ ಮುಖಕ್ಕೆ ಬಂದಿರಲಿಲ್ಲ. ನನಗೆ ಬಂದಿತ್ತು. ಅದು ಅವಳಿಗೆ ಬರುವುದನ್ನು ನಾನು ನಿಂತು ನೋಡಿದೆ. ಕಣ್ಣು ಮೊದಲು ಮಂಕಾಯಿತು, ಆಮೇಲೆ ಬಾಯಿ ಬಿಗಿಯಿತು.

ನಾನು ಕೂಗಾಡಿದೆ. ಜ್ವರ ಅಂತೀಯಲ್ಲ, ಯಾವ ಜ್ವರ, ಸೀಮೆಎಣ್ಣೆಯ ಬೀಗದ ಕೈ ಯಾರ ಸೊಂಟದಲ್ಲಿತ್ತು ಅಂತ ಈಗ ತಾನೆ ಹೇಳಿದೆಯಲ್ಲ ಎಂದು ಕನ್ನಡ, ತೆಲುಗು ಎರಡರಲ್ಲೂ ಬೈದೆ. ಆ ಬಡಪಾಯಿ ಮುದುಕನಿಗೆ ಒಂದೂ ತಿಳಿಯಲಿಲ್ಲ. "ರಟ್ಟಿನಲ್ಲಿ ತಪ್ಪಿದ್ದರೆ ಸಮಿತಿಗೆ ಹೇಳುತ್ತೇನೆ ಅಮ್ಮಾ" ಎಂದ. ನನ್ನ ಗಂಡ ಆ ರಟ್ಟನ್ನೇ ನೋಡುತ್ತಾ ನಿಂತಿದ್ದರು.

ಮೌಶಿ ಸ್ಟವ್ವನ್ನು ತಾನೇ ಕಪಾಟಿನೊಳಗೆ ಇಟ್ಟಳು, ಹೆಸರು ಮುಂದೆ ಕಾಣುವಂತೆ ತಿರುಗಿಸಿ. ನಡುಮನೆ ದಾಟುವಾಗ ಪಟದ ಕಡೆ ನೋಡಲಿಲ್ಲ. ಜಗಲಿಗೆ ಬಂದವಳೇ ಹರವಿಯ ಮುಚ್ಚಳ ತೆಗೆದು, ಲೋಟದಲ್ಲಿ ನೀರು ತುಂಬಿಕೊಂಡು, ನಿಂತಲ್ಲೇ ಗಟಗಟ ಕುಡಿದಳು. ಇನ್ನೊಂದು ಲೋಟ ತುಂಬಿ ಅದನ್ನೂ ಕುಡಿದಳು. ನೀರು ಗದ್ದದಿಂದ ಸೀರೆಯ ಮೇಲೆ ಇಳಿಯಿತು.

ನಾನು ಬೆರಗಾಗಿ ನೋಡುತ್ತಿದ್ದೆ. ಅವಳು ಲೋಟವನ್ನು ಬೋರಲು ಹಾಕಿದಳು.

"ಈಗೇನು ಇದು ನನ್ನ ಮಗಳ ಮನಿ ಅಲ್ಲ" ಎಂದಳು. "ಇವರು ನಮ್ಮ ಬೀಗರೂ ಅಲ್ಲ. ದಾರಿಗೆ ಹತ್ತಿದ ಮನಿ, ಹೋಗವ್ರು ಬರವ್ರು ಕುಡೀತಾರ, ನಾನೂ ಕುಡದೆ."



ಮರುವಾರ ಇವರು ತಮಗೆ ಗೊತ್ತಿದ್ದ ಒಬ್ಬ ವಕೀಲರನ್ನು ಕಂಡು ಬಂದರು. ಅವರು ಕೇಳಿಕೊಂಡು, ಪಾಪ ಅಂದು, ಕೈ ಚೆಲ್ಲಿದರಂತೆ. ಮಾಡಿದವಳು ಸತ್ತಿದ್ದಾಳೆ. ಅಪಘಾತ ಎಂದು ಹುಡುಗಿಯ ತಂದೆಯೇ ಒಪ್ಪಿಕೊಂಡಿದ್ದಾನೆ, ಅವನೂ ಸತ್ತಿದ್ದಾನೆ. ಸಿಡಿದ ಸ್ಟವ್ ಇದ್ದರೆ ಕೋರ್ಟಿನಲ್ಲಿ ತೋರಿಸಬಹುದು, ಸಿಡಿಯದ ಸ್ಟವ್ ತೋರಿಸಿ ಏನೆಂದು ವಾದ ಮಾಡುವುದು ಎಂದರಂತೆ. ನನ್ನ ಗಂಡ ಇದನ್ನೆಲ್ಲ ಮೌಶಿಗೆ ಹೇಳುವಾಗ ತಲೆ ತಗ್ಗಿಸಿದ್ದರು. ಸ್ಟವ್ವನ್ನಾದರೂ ಸಮಿತಿಯವರಿಂದ ಕೇಳಿ ತರಲೇ ಎಂದರು.

"ಬ್ಯಾಡ" ಎಂದಳು ಮೌಶಿ. "ಅಲ್ಲೇ ಇರಲಿ. ಆ ಮನ್ಯಾಗ ಆಕಿ ಹೆಸರು ಅದೊಂದರ ಮ್ಯಾಲರೆ ಇರಲಿ."

ಆ ಸಂಜೆ ನಾನು ಚಹಾಕ್ಕೆ ಗ್ಯಾಸ್ ಹಚ್ಚಲು ಹೋದರೆ ಅವಳು ತಡೆದಳು. "ನಿನ್ನ ಪಂಪ್ ಸ್ಟವ್ ಎಲ್ಲದ? ಇಳಸು" ಎಂದಳು. ನಾನು ಹಿಂದೆಮುಂದೆ ನೋಡಿದೆ. ಅವಳು ತಾನೇ ಸ್ಟೂಲು ಎಳೆಯಲು ಹೋದಾಗ ಅಟ್ಟದಿಂದ ಇಳಿಸಿ ಕೊಟ್ಟೆ. ಎಣ್ಣೆ ಹಾಕಿದಳು, ಪಿನ್ನು ಚುಚ್ಚಿದಳು, ಕಡ್ಡಿ ಗೀರಿದಳು. ಬರ್ನರ್ ಕಾದ ಮೇಲೆ ಪಂಪ್ ಹೊಡೆದಳು. ಹಳದಿ ಉರಿ ಎದ್ದು, ಆಮೇಲೆ ನೀಲಿಯಾಗಿ, ಬುಸ್ಸೆಂದು ಹತ್ತಿಕೊಂಡಿತು. ಅವಳು ಓಡುತ್ತಾಳೆ ಎಂದು ನಾನು ಬಾಗಿಲು ಬಿಟ್ಟು ನಿಂತೆ. ಅವಳು ಓಡಲಿಲ್ಲ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆಂಕಿಯನ್ನೇ ನೋಡಿದಳು.

"ಪಾಪ, ಸ್ಟವ್ ಏನೂ ಮಾಡಿರಲಿಲ್ಲ ನೋಡು" ಎಂದಳು.

ನಾನು ಚಹಾದ ನೀರು ಇಟ್ಟೆ. ಸ್ಟವ್ವಿನ ಸದ್ದಿನಲ್ಲಿ ಅವಳ ಮುಂದಿನ ಮಾತು ನನಗೆ ಸರಿಯಾಗಿ ಕೇಳಲಿಲ್ಲ. ಬಗ್ಗಿ ಏನು ಮೌಶಿ ಎಂದೆ.

"ಅವತ್ತು, ಜಗಲಿ ಮ್ಯಾಲೆ" ಎಂದಳು. "ನೀವು ಕೊಟ್ಟ ಸ್ಟವ್ ಅಂತ ಆಕಿ ಅಂದ್ಲಲ್ಲ, ಆವಾಗ. ನನ್ನಿಂದ ನಿಮ್ಮ ಮನಿಗೆ ಹಿಂಗಾತು, ತಪ್ಪಾತು ಅಂತ ನಾ ಆಕಿ ಕಾಲು ಹಿಡಕೊಂಡಿದ್ದೆ. ಆಕಿ ಕಾಲು ಹಿಂದಕ್ಕ ತಗೊಳ್ಳಲಿಲ್ಲ. ತಲಿ ಮ್ಯಾಲೆ ಕೈಯಿಟ್ಟು, ಹೋಗ್ಲಿ ಬಿಡಿ ಅಂದ್ಲು."

ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ಸಾಬೂನು ಹಚ್ಚಿ ಕೈ ತೊಳೆಯತೊಡಗಿದಳು. ಚಹಾ ಉಕ್ಕಿತು, ನಾನು ಇಳಿಸಿದೆ, ಸ್ಟವ್ ಆರಿಸಿದೆ. ಮನೆ ಸದ್ದಿಲ್ಲದಂತಾಯಿತು. ಒಳಗೆ ನೀರು ಬೀಳುತ್ತಲೇ ಇತ್ತು.